ವಾಸನೆ ಬಾರದ ಎರಡು ತಿಂಗಳು

ಕಂಪ್ಲಿಯ ಕೊಟ್ರಬಸಪ್ಪನ ಮನೆಯಲ್ಲಿ ಹೆಂಗಸರು ಮುಟ್ಟಾದರೆ ಹೊರಗೆ ಕೂರುವುದಿಲ್ಲ. ಲಿಂಗ ಕಟ್ಟಿದ ಮೈಗೆ ಸೂತಕವಿಲ್ಲ ಎನ್ನುವುದು ಅವರ ಮನೆತನದ ನಡೆ. ಅದನ್ನು ಹೇಳುವಾಗ ಕೊಟ್ರಬಸಪ್ಪನ ಹೆಂಡತಿ ಸಂಗಮ್ಮ ಸೆರಗು ಸರಿಮಾಡಿಕೊಂಡು ಒಂದಿಷ್ಟು ನೆಟ್ಟಗೆ ಕೂರುತ್ತಾಳೆ. ಒಳ್ಳೆಯ ಮಾತೇ, ಯಾರು ಇಲ್ಲವೆಂದರು? ಹೆಣ್ಣನ್ನು ಮೂರು ದಿನ ಮೂಲೆಗೆ ತಳ್ಳದ ಮನೆ ದೊಡ್ಡ ಮನೆಯೇ. ಆದರೆ ಆ ದೊಡ್ಡತನದ ಇನ್ನೊಂದು ಮಗ್ಗುಲು ಏನೆಂಬುದು ನಾಲ್ಕು ವರ್ಷದ ಹಿಂದೆ ಸೊಸೆಯಾಗಿ ಬಂದ ಶೈಲಜಾಳಿಗೆ ಮಾತ್ರ ಗೊತ್ತಿತ್ತು. ಹೊರಗೆ ಕೂರುವುದಿಲ್ಲ ಎಂದರೆ ಆ ಮನೆಯಲ್ಲಿ ಕೂರುವುದೇ ಇಲ್ಲ. ಬೆಳಿಗ್ಗೆ ಐದಕ್ಕೆ ಏಳಬೇಕು, ಪೂಜೆಗೆ ಅಣಿ ಮಾಡಬೇಕು, ಮನೆಯವರಿಗೂ ಹಿತ್ತಲಿನಾಚೆ ಇರುವ ಅಕ್ಕಿ ಗಿರಣಿಯ ಹಮಾಲರಿಗೂ ರೊಟ್ಟಿ ಬಡಿಯಬೇಕು, ವ್ಯಾಪಾರಿಗಳು ಬಂದರೆ ಅಕ್ಕಿಯ ಮಾದರಿಯನ್ನು ತಟ್ಟೆಯಲ್ಲಿ ಹರವಿ ತಂದಿಡಬೇಕು. ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗುತ್ತಿದ್ದರೂ ಇದಿಷ್ಟೂ ಆಗಬೇಕು.

ಗಿರಣಿಯಲ್ಲಿ ಕಸ ಗುಡಿಸುವ, ನುಚ್ಚು ಕೇರುವ ಜಂಬಕ್ಕನ ಮನೆಯಲ್ಲಿ ಬೇರೆಯೇ ರೀತಿ. ಅವಳು ತಿಂಗಳಿಗೆ ಮೂರು ದಿನ ಕೆಲಸಕ್ಕೆ ಬರುತ್ತಿರಲಿಲ್ಲ.

"ನಮ್ಮ ಮನ್ಯಾಗ ಒಂದು ಚಾಪಿ, ಒಂದು ಚರಿಗಿ ಕೊಟ್ಟು ಮೂಲ್ಯಾಗ ಕುಂದ್ರಸ್ತಾರ ನೋಡ್ರಿ ಅಕ್ಕಾರ," ಎಂದು ಒಮ್ಮೆ ಹೇಳಿದ್ದಳು.

"ಅವಮಾನ ಅನಸಂಗಿಲ್ಲೇನು ಜಂಬಕ್ಕ?"

"ಅನಸ್ತೈತಿ. ಆದ್ರ ಮಲಗ್ತೀನಲ್ಲ!" ಎಂದು ಜಂಬಕ್ಕ ಬಾಯಿತುಂಬ ನಕ್ಕಳು.

ಆ ಚಾಪೆಯನ್ನು ನೆನೆದು ಶೈಲಜಾಳಿಗೆ ಹೊಟ್ಟೆಕಿಚ್ಚಾಯಿತು. ಹಾಗೆ ಆದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಡಿಗ್ರಿ ಓದಿದವಳು ಮೂಲೆಯ ಚಾಪೆಗೆ ಆಸೆಪಡುವಂತಾಯಿತಲ್ಲ ಎಂದು ಆ ದಿನವೆಲ್ಲ ತನ್ನನ್ನೇ ಬೈದುಕೊಂಡಳು.

ಈ ನೋವನ್ನು ಯಾರಿಗೂ ತೋರಿಸಲಿಲ್ಲವೆಂದಲ್ಲ. ಹೊಸಪೇಟೆಯ ಡಾಕ್ಟರರೊಬ್ಬರು ಸ್ಕ್ಯಾನ್ ಮಾಡಿಸಿ, ಎಲ್ಲ ಸರಿಯಾಗಿದೆ ಎಂದು ಮಾತ್ರೆ ಬರೆದುಕೊಟ್ಟಿದ್ದರು. "ಒಂದು ಮಗು ಆಗ್ಲಿ, ನೋವು ತಾನೇ ಹೋಗ್ತದೆ," ಎಂದು ನಗುತ್ತಲೂ ಹೇಳಿದ್ದರು. ಜೊತೆಗೆ ಬಂದಿದ್ದ ಸಂಗಮ್ಮ ಮಾತ್ರೆಯ ಚೀಟಿಯನ್ನು ಬಸ್ಸಿನಲ್ಲೇ ಮರೆತಳು. ಆ ಮಾತನ್ನು ಮಾತ್ರ ಮರೆಯಲಿಲ್ಲ. ಚೀಟಿ ಹೋದರೂ ಮಾತ್ರೆಯ ಹೆಸರು ಶೈಲಜಾಳಿಗೆ ನೆನಪಿತ್ತು, ತರಿಸಿಕೊಂಡು ನುಂಗಿದಳು. ನುಂಗಿದಾಗಲೆಲ್ಲ ಹೊಟ್ಟೆ ಉರಿದು ವಾಂತಿಯಾಯಿತು. ಬಿಟ್ಟಳು.

ಹೀಗಿರುವಾಗ ಹೋದ ವರ್ಷ ಅಂಜಲಿ ಬಂದಳು. ಅಂಜಲಿ ಶೈಲಜಾಳ ಜೊತೆ ಹೈಸ್ಕೂಲು ಓದಿದವಳು, ಹಂಪಿಯ ಹತ್ತಿರದ ಒಂದು ರೆಸಾರ್ಟಿನಲ್ಲಿ ಪ್ರವಾಸಿಗರಿಗೆ ಮಸಾಜು ಮಾಡುವ ಕೆಲಸ ಅವಳದು. ಬರುವಾಗ ಬೆರಳುದ್ದದ ಮೂರು ಕಪ್ಪು ಶೀಷೆ ತಂದಿದ್ದಳು. ಒಂದರಲ್ಲಿ ಲ್ಯಾವೆಂಡರ್, ಒಂದರಲ್ಲಿ ಕ್ಲಾರಿ ಸೇಜ್ ಎಂಬ ಯಾವುದೋ ದೂರ ದೇಶದ ಗಿಡದ ಎಣ್ಣೆ, ಇನ್ನೊಂದರಲ್ಲಿ ದಾಲ್ಚಿನ್ನಿ. ಅಡುಗೆಮನೆಯಲ್ಲಿ ಸಂಗಮ್ಮನ ಎದುರಿಗೇ ಎರಡು ದೊಡ್ಡ ಚಮಚ ಎಳ್ಳೆಣ್ಣೆ ಬಟ್ಟಲಿಗೆ ಹಾಕಿ, ಅದಕ್ಕೆ ಎಣಿಸಿ ಎಣಿಸಿ ಹನ್ನೆರಡು ಹನಿ ಬಿಟ್ಟಳು, ದಾಲ್ಚಿನ್ನಿಯದು ಒಂದೇ ಒಂದು.

"ಬರೇ ಇದನ್ನ ಹಚ್ಚಿಗಂಡ್ರ ಚರ್ಮ ಸುಡ್ತೈತಿ, ಯಾವಾಗ್ಲೂ ಎಣ್ಣಿಗೆ ಕಲಸ್ಬೇಕು. ಹೊಕ್ಕಳ ಕೆಳಗ, ನಡಕ್ಕ, ಸುತ್ತ ಸುತ್ತ ತಿಕ್ಕು. ಎರಡು ದಿನ ಮೊದ್ಲ ಶುರು ಮಾಡು. ಮ್ಯಾಲೆ ಬಿಸಿನೀರಿನ ಚೀಲ ಇಟ್ಕೋ," ಎಂದಳು. ಆಮೇಲೆ ಸಂಗಮ್ಮನ ಕಡೆ ತಿರುಗಿ ನಕ್ಕು, "ಬಸುರಿ ಆದ್ರ ಮಾತ್ರ ಹಚ್ಚಬಾರ್ದು ನೋಡ್ರಿ ಅಮ್ಮಾರ. ಆಗ ಇದು ಒಳ್ಳೇದಲ್ಲ," ಎಂದು ಸೇರಿಸಿದಳು.

ಸಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಒಲೆಯ ಮೇಲಿನ ಹಾಲು ಇಳಿಸಿದಳು.

ಎಣ್ಣೆ ಕೆಲಸ ಮಾಡಿತು. ಪವಾಡವೇನೂ ಅಲ್ಲ. ನೋವು ಹೋಗಲಿಲ್ಲ, ಅರ್ಧಕ್ಕೆ ಇಳಿಯಿತು. ಅರ್ಧ ನೋವಿನಲ್ಲಿ ರೊಟ್ಟಿ ಬಡಿಯಬಹುದು, ಬಗ್ಗಿ ನೀರು ತುಂಬಬಹುದು. ಎಷ್ಟೋ ತಿಂಗಳ ಮೇಲೆ ಶೈಲಜಾ ಒಂದು ರಾತ್ರಿ ಮಗ್ಗುಲು ಬದಲಿಸದೆ ನಿದ್ದೆ ಮಾಡಿ ಎದ್ದು, ಬಚ್ಚಲಲ್ಲಿ ಒಬ್ಬಳೇ ಅತ್ತಳು. ಖುಷಿಗೆ ಅತ್ತದ್ದು.

ಆದರೆ ಆ ಎಣ್ಣೆಗೆ ವಾಸನೆಯಿತ್ತು. ಹೂವಿನದೂ ಅಲ್ಲದ, ಔಷಧಿಯದೂ ಅಲ್ಲದ ಒಂದು ವಾಸನೆ. ಅವಳು ನಡುಮನೆ ದಾಟಿದರೆ ಹಿಂದೆಯೇ ಬರುತ್ತಿತ್ತು, ಹೊದಿಕೆಯಲ್ಲಿ ಉಳಿಯುತ್ತಿತ್ತು. ಹೊರಗೆ ಕೂರದ ಮನೆಯಲ್ಲಿ ಸೊಸೆ ಯಾವಾಗ ಮುಟ್ಟಾಗುತ್ತಾಳೆ ಎಂದು ಅಲ್ಲಿಯ ತನಕ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ತಿಂಗಳಿಗೊಮ್ಮೆ ಇಡೀ ಮನೆಗೆ ಗೊತ್ತಾಗತೊಡಗಿತು. ಮುಟ್ಟಾಗಿದ್ದಾಳೆ ಎಂದರೆ ಆ ಮನೆಗೆ ಒಂದೇ ಅರ್ಥ: ಈ ತಿಂಗಳೂ ಇಲ್ಲ. ವಾಸನೆ ಬಂದ ದಿನ ಸಂಗಮ್ಮ ದೇವರ ಕೋಣೆಯಲ್ಲಿ ತುಸು ಹೊತ್ತು ಹೆಚ್ಚು ಕೂರುತ್ತಿದ್ದಳು, ಪಾತ್ರೆಗಳನ್ನು ತುಸು ಜೋರಾಗಿ ಇಡುತ್ತಿದ್ದಳು. ನೋವಿಗೆಂದು ಹಚ್ಚಿಕೊಂಡದ್ದು ಮನೆಗೆ ಕೆಟ್ಟ ಸುದ್ದಿಯಾಯಿತು. ನೋವು ಎಷ್ಟಿದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಶೈಲಜಾಳಿಗೆ ಬೇಕಾಗಿದ್ದದ್ದು ಅದೊಂದೇ.

ಡಿಸೆಂಬರಿನಲ್ಲಿ ಹೊಸ ಭತ್ತ ಬಂದು ಗಿರಣಿ ಹಗಲೂ ರಾತ್ರಿ ಓಡುತ್ತಿತ್ತು. ಸಂಗಮ್ಮ ಮಲಪನಗುಡಿಯ ತಂಗಿಯ ಮನೆಗೆ ಹೋಗಿದ್ದಳು. ಹೊಸಪೇಟೆಯಿಂದ ಬಂದ ವ್ಯಾಪಾರಿಗೆ ಶೈಲಜಾ ಸೋನಾ ಮಸೂರಿಯ ಮಾದರಿ ತಂದಿಟ್ಟಳು. ಅವನು ಹಿಡಿ ಅಕ್ಕಿ ಎತ್ತಿ ಮೂಸಿದ, ಹುಬ್ಬೇರಿಸಿದ.

"ಏನ್ರಿ ಸಾವ್ಕಾರ್ರ, ಅಕ್ಕಿಗೆ ಸೆಂಟ್ ಹೊಡದೀರೇನ್ರಿ?"

ಕೂತಿದ್ದವರೆಲ್ಲ ನಕ್ಕರು. ಶೈಲಜಾಳ ಕಿವಿ ಬಿಸಿಯಾದವು. ವ್ಯಾಪಾರಿ ಹೋದ ಮೇಲೆ ಮಾವ ಕೊಟ್ರಬಸಪ್ಪ ಅಡುಗೆಮನೆಯ ಬಾಗಿಲಿಗೆ ಬಂದು, ಅವಳ ಮುಖ ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ.

"ಯವ್ವಾ, ಆ ಎಣ್ಣಿ... ಅಕ್ಕಿ ಭಾಳ ಜಲ್ದಿ ವಾಸನಿ ಹಿಡಿತೈತವ್ವಾ," ಎಂದಷ್ಟೇ ಹೇಳಿ ಹೋದ.

ಒರಟನಾಗಿದ್ದರೆ ಮನಸ್ಸಿನಲ್ಲೇ ಬೈದು ಸುಮ್ಮನಾಗಬಹುದಿತ್ತು. ಒಳ್ಳೆಯ ಮನುಷ್ಯ, ನಾಚಿಕೊಂಡು ಹೇಳಿದ. ಅದಕ್ಕೇ ಅವಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಮೂರು ಶೀಷೆಗಳನ್ನೂ ಮದುವೆಯ ಸೀರೆಗಳ ಕೆಳಗೆ ಟ್ರಂಕಿನ ತಳದಲ್ಲಿಟ್ಟಳು. ಈ ಮಾತನ್ನು ಅತ್ತೆಗೂ ಹೇಳಲಿಲ್ಲ, ಗಂಡ ಸಿದ್ದಲಿಂಗೇಶನಿಗೂ ಹೇಳಲಿಲ್ಲ. ಅವನಿಗೆ ದೋಣಿಮಲೈ ಗಣಿಯಲ್ಲಿ ಕೆಲಸ, ಶನಿವಾರ ಬಂದು ಭಾನುವಾರ ಸಂಜೆ ಹೋಗುವವನು.

ಜನವರಿಯಲ್ಲಿ, ಸಂಕ್ರಾಂತಿಗೆ ಮುಂಚೆ, ಮುಟ್ಟಾದಳು. ಎಣ್ಣೆ ಇಲ್ಲ. ನೋವು ಹಳೆಯ ಬಾಕಿಯನ್ನೆಲ್ಲ ಸೇರಿಸಿಕೊಂಡು ಬಂತು. ತಡೆಯಲಾರದೆ ಮತ್ತೆ ಆ ಮಾತ್ರೆ ನುಂಗಿದಳು. ಬೆಳಗಿನ ಜಾವ ಬಚ್ಚಲಲ್ಲಿ ವಾಂತಿ ಮಾಡಿ ತಿರುಗಿದರೆ ಸಂಗಮ್ಮ ನಿಂತಿದ್ದಳು.

"ಯಾವಾಗಿಂದ ಹಿಂಗ?"

"ನಿನ್ನೆಯಿಂದ್ರಿ ಅತ್ತಿ."

ಸಂಗಮ್ಮ ಹತ್ತಿರ ಬಂದಳು. ಮೂಗು ಅರಳಿಸಿದಳೋ ಏನೋ, ಶೈಲಜಾಳಿಗೆ ಆಗ ಅದನ್ನು ಗಮನಿಸುವಷ್ಟು ತ್ರಾಣವಿರಲಿಲ್ಲ. ಅತ್ತೆಯ ಮುಖ ಸಡಿಲಾದದ್ದು ಮಾತ್ರ ಕಂಡಿತು.

"ಹೋಗು, ಮಲಗು. ರೊಟ್ಟಿ ನಾ ನೋಡಿಕೆಂತೀನಿ."

ನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದ ಮಾತು. ಶೈಲಜಾ ಮಲಗಿದಳು. ಮಧ್ಯಾಹ್ನ ಅತ್ತೆಯೇ ಮೆತ್ತಗೆ ಅನ್ನ ಮಾಡಿ ತಂದಿಟ್ಟಳು. ಆಮೇಲಿನ ದಿನಗಳಲ್ಲಿ ಕೊಡ ಎತ್ತಬೇಡ ಎಂದಳು, ಅಟ್ಟ ಹತ್ತಬೇಡ ಎಂದಳು, ರಾತ್ರಿ ಒಂದು ಲೋಟ ಹಾಲು ಕುಡಿಯುವ ತನಕ ಎದುರಿಗೇ ನಿಂತಳು. ಫೆಬ್ರವರಿಯಲ್ಲಿ ಮತ್ತೆ ಅದೇ ನೋವು, ಅದೇ ಮಾತ್ರೆ, ಅದೇ ವಾಂತಿ. ಸಂಗಮ್ಮ ಬೆನ್ನು ಸವರಿದಳು. ಕೇಳುವವರಿಗೆ ಇಷ್ಟು ಹೊತ್ತಿಗೆ ಹೊಳೆದಿರಬೇಕು. ಶೈಲಜಾಳಿಗೆ ಹೊಳೆಯಲಿಲ್ಲ. ತನ್ನ ನೋವು ಕೊನೆಗೂ ಒಬ್ಬರ ಕಣ್ಣಿಗೆ ಬಿತ್ತು ಎಂದುಕೊಂಡವಳಿಗೆ ಬೇರೆ ಲೆಕ್ಕ ಎಲ್ಲಿಂದ ಹೊಳೆಯಬೇಕು? ಸಂಗಮ್ಮನೂ ತಾನಾಗಿ ಬಾಯಿಬಿಡಲಿಲ್ಲ. ಮೂರು ತಿಂಗಳು ತುಂಬದೆ ಅಂಥ ಮಾತು ಎತ್ತಿದರೆ ಕಣ್ಣೆಸರಾಗಿ ದೃಷ್ಟಿ ತಾಗುತ್ತದೆ ಎಂಬ ಭಯ ಅವಳಿಗೆ.

"ನಮ್ಮತ್ತಿ ಭಾಳ ಬದಲಾಗ್ಯಾರ ಅಂಜಲಿ," ಎಂದು ಫೋನಿನಲ್ಲಿ ಹೇಳಿಕೊಂಡಳು.

"ಎಣ್ಣಿ ಹಚ್ಚಾಕತ್ತಿಯಿಲ್ಲ?"

"ಈಗ ಎಣ್ಣಿ ಯಾಕ ಬಿಡು. ಮಲಗಾಕ ಬಿಡ್ತಾರಲ್ಲ, ಅಷ್ಟು ಸಾಕು ನನಗ."

ಅತ್ತೆಯ ಮೇಲೆ ಅವಳಿಗೆ ನಿಜಕ್ಕೂ ಪ್ರೀತಿ ಹುಟ್ಟಿತು. ಸಂಜೆ ಹೊತ್ತು ತಾನಾಗಿಯೇ ಹೋಗಿ ಅವಳ ತಲೆ ಬಾಚತೊಡಗಿದಳು.

ಮಾರ್ಚಿ ತಿಂಗಳು ಹುಟ್ಟಿದ ದಿನ ಸಂಗಮ್ಮ ನಸುಕಿನಲ್ಲೇ ಎದ್ದು ಹೋಳಿಗೆಗೆ ಬೇಳೆ ಬೇಯಿಸಲಿಟ್ಟಳು. ನಾಲ್ಕು ಮಂದಿ ಹೆಂಗಸರು ಊಟಕ್ಕೆ ಬರುತ್ತಾರೆ, ನೀನು ತಲೆಗೆ ನೀರು ಹಾಕಿಕೊಂಡು ಒಳ್ಳೆಯ ಸೀರೆ ಉಡು ಎಂದಳು. ಶೈಲಜಾ ಸ್ನಾನಕ್ಕೆ ಹೋದಾಗಲೇ ಮುಟ್ಟಾದದ್ದು ತಿಳಿಯಿತು. ಸೀರೆ ಉಡುವಷ್ಟರಲ್ಲಿ ನೋವು ನಡು ಹಿಡಿಯಿತು. ಮಂಚದ ಅಂಚಿಗೆ ಕೂತು ಉಸಿರು ಬಿಗಿಹಿಡಿದಿದ್ದಾಗ ಫೋನು ಬಂತು. ಸಿದ್ದಲಿಂಗೇಶ. ಅವನ ದನಿ ಒದ್ದೆಯಾಗಿತ್ತು.

"ಮೂರು ತಿಂಗಳು ನನ್ನ ಮುಂದೂ ಹೇಳದಂಗ ಇದ್ದಿಯಲ್ಲ ಶೈಲಾ! ಅವ್ವ ಈಗ ಫೋನ್ ಮಾಡಿ ಹೇಳಿದ್ಲು."

"ಏನು ಹೇಳಿದ್ರು?"

"ಇನ್ನೂ ನಾಟಕ ಮಾಡ್ತೀಯೇನು? ಇವತ್ತು ನಿನಗ ಕಳ್ಳ ಕುಬುಸ ಮಾಡ್ತಾರಂತ. ಹೇಳಬ್ಯಾಡ ಅಂದಿದ್ಲು, ನನಗ ತಡಿಯಾಕ ಆಗಲಿಲ್ಲ. ರಜಾ ಹಾಕೀನಿ, ಬಸ್ಸಿನ್ಯಾಗ ಕುಂತೀನಿ. ನೆಟ್‌ವರ್ಕ್ ಹೋ..."

ಫೋನು ಕಡಿಯಿತು. ಬಸುರಿಗೆ ಮೂರನೆಯ ತಿಂಗಳಲ್ಲಿ, ಊರಿಗೆ ಸುದ್ದಿ ಮಾಡದೆ, ಹತ್ತಿರದ ನಾಲ್ಕು ಹೆಂಗಸರು ಮಾತ್ರ ಸೇರಿ ಹಸಿರು ಕುಪ್ಪಸ ತೊಡಿಸಿ ಹಸಿರು ಬಳೆ ಇಡಿಸುತ್ತಾರೆ. ಅದೇ ಕಳ್ಳ ಕುಬುಸ.

ಶೈಲಜಾಳಿಗೆ ಈಗ ಹೊಳೆಯಿತು. ವಾಸನೆ ಬಾರದ ಎರಡು ತಿಂಗಳು, ಬೆಳಗಿನ ವಾಂತಿ, ಬಸುರಿ ಹಚ್ಚಬಾರದು ಎಂದು ಅಂಜಲಿ ಅಂದ ಮಾತು, ಒಂದೊಂದೇ ಬಂದು ಪಕ್ಕ ಪಕ್ಕ ಕೂತವು. ಆ ಮೆತ್ತಗಿನ ಅನ್ನ, ಆ ಹಾಲು, ಬೆನ್ನು ಸವರಿದ ಕೈ, ಯಾವುದೂ ತನಗಾಗಿರಲಿಲ್ಲ. ಇಲ್ಲದ ಒಂದು ಜೀವದ ಪಾಲನ್ನು ತಾನು ಎರಡು ತಿಂಗಳು ಉಂಡಿದ್ದಳು. ಅವಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು.

ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

"ಅತ್ತಿ, ನಾನು ಬಸುರಿ ಅಲ್ರಿ."

ಸಂಗಮ್ಮ ಹಂಚಿನ ಮೇಲಿನ ಹೋಳಿಗೆ ತಿರುವುತ್ತಿದ್ದಳು. "ಇವತ್ತಿನ ದಿನ ಅಂಥಾ ಮಾತು ಆಡಬ್ಯಾಡ," ಎಂದಳು.

"ಬೆಳಿಗ್ಗೆ ಮುಟ್ಟಾಗೀನ್ರಿ. ಹೋದ ತಿಂಗಳೂ ಆಗಿದ್ದೆ, ಅದರ ಹಿಂದಿನ ತಿಂಗಳೂ ಆಗಿದ್ದೆ."

"ವಾಸನಿ ಬರಲಿಲ್ಲಲ್ಲ?" ಸಂಗಮ್ಮನ ದನಿ ಏರಿತು. "ನಾ ದಿನಾ ನೋಡೀನಿ. ಒಂದಿನಾನೂ ಬರಲಿಲ್ಲ. ಎಣ್ಣಿ ಯಾಕ ಹಚ್ಚಲಿಲ್ಲ ನೀನು? ಮುಟ್ಟಾದ್ರ ಹಚ್ಚಬೇಕೋ ಬ್ಯಾಡೋ?"

ಕಳ್ಳತನ ಮಾಡಿ ಸಿಕ್ಕವಳನ್ನು ಕೇಳುವ ಧಾಟಿಯಲ್ಲಿ ಕೇಳಿದಳು. ಅಕ್ಕಿಯ ಮಾದರಿ, ವ್ಯಾಪಾರಿ, ಮಾವನ ಮಾತು, ಎಲ್ಲವನ್ನೂ ಶೈಲಜಾ ಹೇಳಿದಳು. ಸಂಗಮ್ಮ ಕೇಳುತ್ತ ಕೇಳುತ್ತ ನೆಲಕ್ಕೆ ಕೂತುಬಿಟ್ಟಳು. ಹೋಳಿಗೆ ಹೊತ್ತಿ ಹೊಗೆ ಎದ್ದಿತು. ಶೈಲಜಾಳೇ ಒಲೆ ಆರಿಸಿದಳು.

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. "ಎಲ್ಲದೀಯಬೇ ಸಂಗಮ್ಮಾ?" ಎಂದು ಯಾರೋ ನಗುತ್ತ ಕರೆದರು. ಬಳೆಗಾರ್ತಿಯೂ ಬಂದಿದ್ದಳು. ಸಂಗಮ್ಮ ಸೊಸೆಯ ಎರಡೂ ಕೈ ಹಿಡಿದುಕೊಂಡಳು.

"ಶೈಲಾ, ನನ್ನ ಮರ್ಯಾದಿ ನಿನ್ನ ಕೈಯಾಗೈತಿ. ಇವತ್ತೊಂದಿನ ಸುಮ್ಮನ ಕುಂದ್ರು. ಹದಿನೈದು ದಿನ ಬಿಟ್ಟು, ಹೋತು ಅನ್ನೋಣ. ಎಷ್ಟು ಮಂದಿಗೆ ಹೋಗಂಗಿಲ್ಲ? ನಿನಗೂ ಒಂದು ತಿಂಗಳು ಮಲಗಾಕ ಸಿಗ್ತೈತಿ. ಯಾರೂ ಒಂದು ಮಾತು ಅನ್ನಂಗಿಲ್ಲ."

ಶೈಲಜಾ ತಕ್ಷಣ ಆಗುವುದಿಲ್ಲ ಎಂದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ಯೋಚಿಸಿದಳು. ಒಂದು ತಿಂಗಳ ಚಾಪೆ, ಅದೂ ಗೌರವದ ಚಾಪೆ. ಬಿಸಿ ಅನ್ನ, ಮಾವನ ಮರುಕ, ಗಂಡ ತಲೆಯ ಹತ್ತಿರ ಕೂತು ಹಣೆ ಸವರುವುದು. ಇಲ್ಲದ ನೋವಿಗೆ ಇಷ್ಟೆಲ್ಲ ಸಿಗುತ್ತದೆ. ಇರುವ ನೋವಿಗೆ ಅರ್ಧ ಗಂಟೆಯೂ ಸಿಕ್ಕಿರಲಿಲ್ಲ. ಅತ್ತೆಯ ಕಣ್ಣಲ್ಲಿ ನೀರಿತ್ತು. ಶೈಲಜಾ ಏನೂ ಹೇಳದೆ ಹೊರಗೆ ಬಂದು, ನಡುಮನೆಯಲ್ಲಿ ಹಾಕಿದ್ದ ಮಣೆಯ ಮೇಲೆ ಕೂತಳು.

ಹಸಿರು ಕುಬುಸ ಮಡಿಲಿಗೆ ಬಂತು. ಬಳೆಗಾರ್ತಿ ಎಡಗೈ ಹಿಡಿದಳು. ಎರಡು ಬಳೆ ಏರಿದವು. ಮೂರನೆಯದರ ಹೊತ್ತಿಗೆ ನೋವು ಮತ್ತೆ ಹಿಂಡಿ, ಶೈಲಜಾಳ ಮುಷ್ಟಿ ಬಿಗಿಯಿತು.

"ಕೈ ಸಡ್ಲ ಬಿಡವ್ವಾ, ಬಳಿ ಒಡಿತಾವ. ಎಷ್ಟು ಬಿಗಿ ಹಿಡದೀ!" ಎಂದಳು ಬಳೆಗಾರ್ತಿ.

"ನಾಚಿಕಿ ಅಕಿಗೆ," ಎಂದು ಒಬ್ಬಳು ಅಂದಳು, ಉಳಿದವರು ನಕ್ಕರು. ಸಂಗಮ್ಮ ಮಾತ್ರ ನಗಲಿಲ್ಲ, ಕಂಬಕ್ಕೆ ಆತು ನಿಂತಿದ್ದಳು. ಅವರ ಪೈಕಿ ಎಲ್ಲರಿಗಿಂತ ಹಿರಿಯಳಾದ, ಸಿದ್ದಲಿಂಗೇಶನ ಸೋದರತ್ತೆ ಮುಂದೆ ಸರಿದು, ಶೈಲಜಾಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ, "ಒಳಗಿಂದು ತಣ್ಣಗಿರಲಿ, ಮುಂದಿನ ದೀವಳಿಗಿಗೆ ಮನ್ಯಾಗ ತೊಟ್ಟಿಲು ತೂಗಲಿ," ಎಂದಳು. ಬೆಚ್ಚಗಿನ, ಒಣಗಿದ, ಒಳ್ಳೆಯ ಕೈ. ಸರಿಯಾಗಿ ನೋವಿದ್ದ ಜಾಗದ ಮೇಲೆಯೇ ಇತ್ತು. ನಾಲ್ಕು ವರ್ಷದಲ್ಲಿ ಆ ಜಾಗವನ್ನು ಆ ಮನೆಯ ಯಾರೂ ಮುಟ್ಟಿ ನೋಡಿರಲಿಲ್ಲ. ಈಗ ಮುಟ್ಟಿದ ಕೈ ಬೇರೆ ಯಾರನ್ನೋ ಹುಡುಕುತ್ತಿತ್ತು.

"ಅಲ್ಲಿ ಕೂಸಿಲ್ರಿ ಅಮ್ಮಾ," ಎಂದಳು ಶೈಲಜಾ. "ಅಲ್ಲಿ ನೋವು ಐತಿ."

ಯಾರಿಗೂ ತಿಳಿಯಲಿಲ್ಲ. ಮುದುಕಿ ಕಣ್ಣು ತೆರೆದಳು.

"ನಾ ಬಸುರಿ ಅಲ್ಲ. ಇವತ್ತು ಬೆಳಿಗ್ಗೆ ಮುಟ್ಟಾಗೀನಿ. ನಮ್ಮತ್ತೀದೂ ತಪ್ಪಿಲ್ಲ, ತಿಳಿದುಕೊಂಡಿದ್ದು ತಪ್ಪಾಗೈತಿ. ನನಗ ಭಾಳ ನೋಯ್ತೈತ್ರಿ, ತಿಂಗಳಾ ಹಿಂಗ ನೋಯ್ತೈತಿ. ಕುಂದ್ರಾಕ ಆಗವಲ್ದು. ನಾ ಹೋಗಿ ಮಲಗ್ತೀನಿ."

ಕುಬುಸವನ್ನು ಮಡಚಿ ಮಣೆಯ ಮೇಲಿಟ್ಟು ಎದ್ದಳು. ಕೋಣೆಗೆ ಹೋಗಿ, ಬಾಗಿಲು ಹಾಕದೆ, ಮೊಳಕಾಲು ಎದೆಗೆ ಮಡಚಿ ಮಲಗಿದಳು.

ಹೊರಗೆ ಪಿಸುಮಾತು ಎದ್ದಿತು. "ಅಜವಾನದ ಕಷಾಯ ಕೊಡ್ಬೇಕಿತ್ತು," ಎಂದಿತು ಒಂದು ದನಿ. "ಹಿಂಗ ಮಂದ್ಯಾಗ ಅನ್ನೋದೇನು ಇದನ್ನ?" ಎಂದಿತು ಇನ್ನೊಂದು. ಎದ್ದು ಹೋಗುವುದೋ ಬಿಡುವುದೋ ಅವರಿಗೆ ತಿಳಿಯಲಿಲ್ಲ. ಮಾಡಿದ ಅಡುಗೆ ಇತ್ತು, ಕೊನೆಗೆ ಎಲೆ ಹಾಕಿಕೊಂಡು ಊಟಕ್ಕೆ ಕೂತರು. ಮಾವನಿಗೆ ಇನ್ನೂ ಗೊತ್ತಿರಲಿಲ್ಲ. ಸಿದ್ದಲಿಂಗೇಶನ ಬಸ್ಸು ಬರುತ್ತಿತ್ತು. ಅವನ ಒದ್ದೆ ದನಿ ನೆನಪಾಗಿ ಶೈಲಜಾ ದಿಂಬು ಕಚ್ಚಿದಳು. ಅವನಿಗೆ ಇದನ್ನು ಹೇಳುವುದು ಇನ್ನೂ ಬಾಕಿಯಿತ್ತು, ಅದು ಎಲ್ಲಕ್ಕಿಂತ ಕಷ್ಟದ ಕೆಲಸ.

ಸಂಗಮ್ಮ ಒಳಗೆ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಮಂಚದ ಕಾಲದೆಸೆಗೆ ಕೂತಳು. ಅವಳು ಬೈಯುತ್ತಾಳೆಂದು ಶೈಲಜಾ ಕಾದಳು.

"ನನಗೂ ಹಿಂಗ ಆಗ್ತಿತ್ತು," ಎಂದಳು ಸಂಗಮ್ಮ, ನೆಲ ನೋಡುತ್ತ. "ಗಿರಣಿ ಆಗ ಸಣ್ಣದಿತ್ತು, ಆಳಿರಲಿಲ್ಲ. ಮೊರ ಹಿಡಕಂಡು ನಿಂತು ನುಚ್ಚು ಕೇರ್ತಿದ್ದೆ. ಕಣ್ಣಿಗೆ ಕತ್ತಲಿ ಬರ್ತಿತ್ತು, ಗ್ವಾಡಿಗೆ ಆತು ಮತ್ತ ಕೇರ್ತಿದ್ದೆ. ನಮ್ಮತ್ತಿಗೆ ಗೊತ್ತಿಲ್ಲ. ನಿಮ್ಮ ಮಾವಗ ಇವತ್ತಿಗೂ ಗೊತ್ತಿಲ್ಲ. ಮೂವತ್ತು ವರ್ಷ, ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ ನಾನು." ತಲೆಯೆತ್ತಿದಾಗ ಮುಖದಲ್ಲಿ ಮರುಕ ಇರಲಿಲ್ಲ, ಕಡು ಸಿಟ್ಟಿತ್ತು. "ನೀ ಯಾಕ ಹೇಳಿದಿ? ಅಷ್ಟು ಮಂದಿ ಮುಂದ ನೀ ಯಾಕ ಹೇಳಿದಿ?"

"ನೋಯ್ತೈತಲ್ರಿ ಅತ್ತಿ," ಎಂದಳು ಶೈಲಜಾ. "ಅದಕ್ಕ ಹೇಳಿದೆ."

ಹೋಳಿಗೆ ಸಾರು ಯಾರು ಬಡಿಸುತ್ತೀರಿ ಎಂದು ನಡುಮನೆಯಿಂದ ಕೂಗಿದರು. ಎರಡನೆಯ ಸಲವೂ ಕೂಗಿದರು. ಸಂಗಮ್ಮ ಕೂತಲ್ಲಿಂದ ಏಳಲಿಲ್ಲ.